ನೂರಕ್ಕೆ ಮೂರು

ಫೆಬ್ರವರಿ 3

ತಮ್ಮಾ,

ಮೊನ್ನೆ ಫೋನಿನಲ್ಲಿ ನೀನು ಏನೋ ಕೇಳಿದೆ, ನಾನು "ಊಟ ಆಯ್ತು" ಎಂದೆ, ನೀನು ನಕ್ಕೆ. ನೀನು ಕೇಳಿದ್ದು ಊಟದ ವಿಷಯವೇ ಅಲ್ಲ ಎಂದು ಆಮೇಲೆ ಹೊಳೆಯಿತು. ಬಲಗಿವಿ ಪೂರ್ತಿ ಕೈಕೊಟ್ಟಿದೆ. ಎಡಗಿವಿಯಲ್ಲಿ ಅರ್ಧ ಕೇಳುತ್ತದೆ, ಇನ್ನರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಹಾಗಾಗಿ ಇನ್ನು ಮುಖ್ಯವಾದದ್ದೆಲ್ಲ ಕಾಗದದಲ್ಲೇ ಆಗಲಿ. ಕಾಗದದಲ್ಲಿ ಬರೆದದ್ದು ತಪ್ಪಾಗಿ ಕೇಳಿಸುವುದಿಲ್ಲವಲ್ಲ.

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಕಾಗದದ ಮೇಲೆ ಇಳಿಜಾರಾಗಿ ಒಂದು ಗೆರೆ ಎಳೆದು ತೋರಿಸಿದರು. "ಮಗ್ಗದ ಸದ್ದಲ್ಲಿ ಇನ್ನೊಂದೈದಾರು ತಿಂಗಳು ನಿಂತ್ರೆ ಈ ಎಡಗಿವೀನೂ ಹೋಗುತ್ತೆ. ಈಗ್ಲೇ ಬಿಟ್ರೆ ಇರೋಷ್ಟು ಉಳಿಯುತ್ತೆ" ಎಂದರು. ಅತ್ತ ಗಿರಣಿಯವರು ಹಳೆಯ ಮಗ್ಗಗಳನ್ನು ಕಿತ್ತು ಹೊಸದು ಹಾಕುತ್ತಿದ್ದಾರೆ. ತಾವಾಗಿ ಕೆಲಸ ಬಿಡುವವರಿಗೆ ಒಂದು ಗಂಟು ಕೊಡುತ್ತಾರಂತೆ. ಎಷ್ಟೆಂದು ಇನ್ನೂ ಬಾಯಿ ಬಿಟ್ಟಿಲ್ಲ. ನಿನ್ನ ಭಾವ ಇದ್ದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ.

ನೀನು ಕಟ್ಟುಹಲ್ಲು ಮಾಡುವ ಕೆಲಸ ಬಿಟ್ಟು ಎರಡು ವರ್ಷದಿಂದ ಷೇರು ಕೊಂಡು ಮಾರುತ್ತಾ ಕೂತಿದ್ದೀಯ. ಇನ್ನೂ ಬಾಡಿಗೆ ಕಟ್ಟುತ್ತಿದ್ದೀಯ ಎಂದರೆ ಅದರಲ್ಲಿ ಏನೋ ಇರಲೇಬೇಕು. ಗಿರಣಿಯ ದುಡ್ಡು ನಿನ್ನ ಕೈಗೆ ಕೊಟ್ಟರೆ ನೂರಕ್ಕೆ ಎಷ್ಟು ಬರುತ್ತದೆ? ಸುತ್ತಿ ಬಳಸಿ ಬರೆಯಬೇಡ, ಒಂದು ಅಂಕಿ ಬರೆ. ಮನೆ ನಡೆಯುವ ಹಾಗಿದ್ದರೆ ಕೆಲಸ ಬಿಡುತ್ತೇನೆ. ಇಲ್ಲದಿದ್ದರೆ ಕಿವಿ ಬಿಡುತ್ತೇನೆ.

ಅಕ್ಕ


ಫೆಬ್ರವರಿ 11

ಅಕ್ಕಾ,

ಒಂದು ಅಂಕಿ ಕೇಳಿದ್ದೀಯ. ಬರೆಯುತ್ತೇನೆ. ಅದಕ್ಕೆ ಮೊದಲು ಎರಡು ಮಾತು ಓದಿಕೋ.

ನನ್ನ ಹಾಗೆ ಮನೆಯಲ್ಲಿ ಒಬ್ಬನೇ ಕೂತು ಷೇರು ಆಡುವವರಲ್ಲಿ ಬಹುಪಾಲು ಜನ ಕಳೆದುಕೊಳ್ಳುತ್ತಾರೆ. ನಾನೂ ಮೊದಲ ವರ್ಷ ಕಳೆದುಕೊಂಡೆ. ಎರಡನೆಯ ವರ್ಷ ಅದನ್ನು ತುಂಬಿಕೊಂಡು ಸ್ವಲ್ಪ ಮೇಲೆ ಬಂದೆ. ಮೊಬೈಲಿನಲ್ಲಿ ಕೋಟು ಹಾಕಿಕೊಂಡ ಒಬ್ಬ ದಿನಾ ಬಂದು ತಿಂಗಳಿಗೆ ನೂರಕ್ಕೆ ಹತ್ತು ಗ್ಯಾರಂಟಿ ಎನ್ನುತ್ತಾನೆ. ಅಷ್ಟು ಬರುವುದಾಗಿದ್ದರೆ ಅವನು ನಮ್ಮಂಥವರಿಗೆ ಪಾಠ ಹೇಳಿ ಫೀಸು ವಸೂಲಿ ಮಾಡುತ್ತಾ ಯಾಕೆ ಕೂರುತ್ತಿದ್ದ?

ನನ್ನ ಅಂಕಿ ಇದು. ಬ್ರೋಕರ್ ಕಮಿಷನ್, ತೆರಿಗೆ ಎಲ್ಲ ಕಳೆದು ಬ್ಯಾಂಕಿನ ಮೇಲೆ ನೂರಕ್ಕೆ ಮೂರು. ಅದೂ ಕಾಲ ಚೆನ್ನಾಗಿದ್ದರೆ. ಇದಕ್ಕಿಂತ ಹೆಚ್ಚು ಹೇಳುವವನನ್ನು ನಂಬಬೇಡ, ನಾನೇ ಹೇಳಿದರೂ. ಗಿರಣಿಯವರು ಎಷ್ಟು ಕೊಡುತ್ತಾರೆಂದು ತಿಳಿದ ಮೇಲೆ ನೀನೇ ಲೆಕ್ಕ ಹಾಕಿ ನೋಡು.

ತಮ್ಮ


ಫೆಬ್ರವರಿ 20

ತಮ್ಮಾ,

ನಿನ್ನ ಕಾಗದ ಓದಿ ಹೊಟ್ಟೆ ತಣ್ಣಗಾಯಿತು. ಕೋಟಿನವನು ಹತ್ತು ಎನ್ನುತ್ತಾನೆ, ನೀನು ಮೂರು ಎನ್ನುತ್ತೀಯ. ಅದಕ್ಕೇ ನನಗೆ ನಿನ್ನ ಮೇಲೆ ನಂಬಿಕೆ. ಚಿಕ್ಕಂದಿನಲ್ಲೂ ನೀನು ಎತ್ತರಕ್ಕೆ ಹತ್ತಿದವನಲ್ಲ, ಹತ್ತಿ ಬಿದ್ದವನೂ ಅಲ್ಲ.

ನಮ್ಮ ಗೇಟಿನ ಹತ್ತಿರ ಸಾಲ ಕೊಡುವ ಹೆಂಗಸೊಬ್ಬಳಿದ್ದಾಳೆ. ನಾವೆಲ್ಲ ಅವಳನ್ನು ಮೀಟರ್ ಎನ್ನುತ್ತೇವೆ, ನಿದ್ದೆಯಲ್ಲೂ ಅವಳ ಬಡ್ಡಿ ಓಡುತ್ತಿರುತ್ತದೆ. ಅವಳೂ ನೂರಕ್ಕೆ ಮೂರೇ ತೆಗೆದುಕೊಳ್ಳುವುದು. ಅಂದರೆ ನನ್ನ ದುಡ್ಡು ಮೀಟರ್‌ನ ದುಡ್ಡಿನಷ್ಟೇ ದುಡಿಯುತ್ತದೆ, ಆದರೆ ನಾನು ಯಾರ ಶಾಪವನ್ನೂ ತಿನ್ನಬೇಕಾಗಿಲ್ಲ. ಗಿರಣಿಯವರು ಗಂಟು ಎಷ್ಟೆಂದು ನಿನ್ನೆ ಹೇಳಿದರು. ಕೂತು ಲೆಕ್ಕ ಹಾಕಿದೆ. ಬಾಡಿಗೆ, ದಿನಸಿ, ಔಷಧಿ, ಕರೆಂಟು ಎಲ್ಲ ಕಳೆದು ಕೈಯಲ್ಲಿ ಚೂರು ಉಳಿಯುತ್ತದೆ.

ಇವತ್ತು ರಾಜೀನಾಮೆ ಬರೆದುಕೊಟ್ಟೆ. ಸೂಪರ್‌ವೈಸರ್ ಏನೋ ಹೇಳಿದ, ಬಲಗಡೆ ನಿಂತಿದ್ದ, ಕೇಳಲಿಲ್ಲ. ದುಡ್ಡು ಸೀದಾ ನಿನ್ನ ಖಾತೆಗೆ ಹಾಕಿಸುತ್ತೇನೆ. ನೀನು ಪ್ರತಿ ತಿಂಗಳು ಮೊದಲ ವಾರ ನನ್ನ ಬಡ್ಡಿ ಕಳಿಸಿಬಿಡು. ಮೀಟರ್ ಒಂದು ದಿನವೂ ತಡ ಮಾಡುವುದಿಲ್ಲ, ನೋಡಿಕೋ!

ಅಕ್ಕ


ಮಾರ್ಚ್ 14

ಅಕ್ಕಾ,

ಹಣ ಬಂದಿದೆ. ಉತ್ತರ ತಡವಾಯಿತು, ಕೆಲಸವಿತ್ತು.

ಒಂದು ವಿಷಯ. ಕೊಟ್ಟ ರಾಜೀನಾಮೆ ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ? ಸುಮ್ಮನೆ ಕೇಳಿದೆ. ಪಾಳಿ ಇಲ್ಲದೆ ದಿನವಿಡೀ ಮನೆಯಲ್ಲಿ ಏನು ಮಾಡುತ್ತೀಯೋ ಎಂದು ಯೋಚನೆಯಾಯಿತು. ಬೇಗ ಬರೆ.

ತಮ್ಮ


ಮಾರ್ಚ್ 22

ತಮ್ಮಾ,

ಅಕ್ಕನಿಗೆ ಹೊತ್ತು ಹೋಗುವುದಿಲ್ಲವೆಂದು ನಿನಗೆ ಚಿಂತೆಯೇ? ವಾಪಸ್ಸಿನ ಮಾತೇ ಇಲ್ಲ. ನನ್ನ ಮಗ್ಗವನ್ನೇ ಕಿತ್ತು ಗುಜರಿಗೆ ಕಳಿಸಿದರಂತೆ. ಒಳ್ಳೆಯದೇ ಆಯಿತು.

ಕೇಳು. ಕೆಲಸ ಬಿಟ್ಟ ಮೊದಲ ವಾರ ಕಿವಿಯೊಳಗೆ ಮಗ್ಗ ಓಡುತ್ತಲೇ ಇತ್ತು. ಆಮೇಲೆ ಒಂದು ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಟಪ್, ಟಪ್ ಎಂದಿತು. ಯಾರೋ ಬಂದರೆಂದು ಎದ್ದು ನೋಡಿದೆ. ನಲ್ಲಿ ಸೋರುತ್ತಿತ್ತು! ಯಾವ ಕಾಲದಿಂದ ಸೋರುತ್ತಿತ್ತೋ, ನನಗೆ ಗೊತ್ತೇ ಇರಲಿಲ್ಲ. ರಿಪೇರಿಯವನನ್ನು ಕರೆಸಿದೆ. ಅವನು ವಾಷರ್ ಕೈಯಲ್ಲಿ ಹಿಡಿದು ನಿಂತ ಮೇಲೆ "ಬೇಡ ಹೋಗಪ್ಪಾ, ಇನ್ನೊಂದು ನಾಲ್ಕು ದಿನ ಇರ್ಲಿ" ಎಂದು ಕಳಿಸಿಬಿಟ್ಟೆ. ಅವನು ಹೋಗುವ ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡಿದ.

ಮೇಲಿನ ಮನೆಯ ಮಗು ಮೆಟ್ಟಿಲಿಳಿಯುವಾಗ ಹಾಡಿಕೊಂಡು ಇಳಿಯುತ್ತದೆ. ಪದವೊಂದೂ ತಿಳಿಯುವುದಿಲ್ಲ, ರಾಗ ತಿಳಿಯುತ್ತದೆ. ನನಗೆ ಬಹಳ ಖುಷಿಯಾಗಿದೆ ತಮ್ಮಾ. ಇದನ್ನು ಬೇರೆ ಯಾರಿಗೆ ಹೇಳಿದರೂ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಅಕ್ಕ


ಏಪ್ರಿಲ್ 2 (ಅಂಚೆಗೆ ಹಾಕಿದ್ದಲ್ಲ)

ಅಕ್ಕಾ,

ನಾನು ಬರೆದದ್ದು ವರ್ಷದ ಲೆಕ್ಕ. ಬ್ಯಾಂಕು ವರ್ಷಕ್ಕೆ ಆರೂವರೆ ಕೊಟ್ಟರೆ ಅದರ ಮೇಲೆ ನಾನು ಇನ್ನೂ ಮೂರು ದುಡಿಯಬಹುದು, ಎಲ್ಲ ಸೇರಿ ಒಂಬತ್ತೂವರೆ, ವರ್ಷಕ್ಕೆ. ನೀನು ಓದಿದ್ದು ತಿಂಗಳಿಗೆ ಎಂದು. ನಿಮ್ಮ ಗೇಟಿನಲ್ಲಿ ನೂರಕ್ಕೆ ಮೂರೆಂದರೆ ತಿಂಗಳಿಗೇ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ಷೇರಿನವರಲ್ಲಿ ವರ್ಷಕ್ಕೇ, ಅದನ್ನೂ ಯಾರೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ನೀನು ಕೇಳುತ್ತಿರುವುದು ವರ್ಷಕ್ಕೆ ಮೂವತ್ತಾರು. ಯಾವುದೋ ಒಂದು ವರ್ಷ ಯಾರಿಗೋ ಅದು ಬರುತ್ತದೆ. ಬಿಡದೆ ವರ್ಷವರ್ಷವೂ ತಂದ ಒಬ್ಬನನ್ನೂ ನಾನು ಕಂಡಿಲ್ಲ.

ಇದನ್ನು ಹೇಳಿದರೆ ನೀನು ನಾಳೆಯೇ ಯಾವುದಾದರೂ ಗಿರಣಿಯ ಬಾಗಿಲಲ್ಲಿ ನಿಲ್ಲುತ್ತೀಯ, ನಿನ್ನನ್ನು ನಾನು ಬಲ್ಲೆ. ನಲ್ಲಿಯ ವಿಷಯ ನೀನು ಬರೆಯಬಾರದಿತ್ತು. ಒಂದೆರಡು ತಿಂಗಳು ಹೇಗಾದರೂ ಮಾಡಿ ಕಳಿಸುತ್ತೇನೆ, ಅಷ್ಟರಲ್ಲಿ ಹೇಳುವುದಕ್ಕೆ ಒಂದು ದಾರಿ


ಏಪ್ರಿಲ್ 5

ಅಕ್ಕಾ,

ಈ ತಿಂಗಳದ್ದು ಕಳಿಸಿದ್ದೇನೆ. ನಲ್ಲಿ ಹಾಗೇ ಇರಲಿ. ಇಲ್ಲಿ ವಿಪರೀತ ಸೆಖೆ.

ತಮ್ಮ


ಜೂನ್ 18

ತಮ್ಮಾ,

ಮೂರು ತಿಂಗಳೂ ದುಡ್ಡು ಸರಿಯಾಗಿ ಬಂತು. ಕಾಗದ ಮಾತ್ರ ಮೂರೂ ಸೇರಿಸಿದರೆ ಅಂಗೈಯಷ್ಟಾಗುವುದಿಲ್ಲ. ದುಡ್ಡು ಎಣಿಸುವವರಿಗೆ ಮಾತು ಕಡಿಮೆಯಾಗುತ್ತದೆಯೋ ಏನೋ. ಇರಲಿ, ನೀನು ಚೆನ್ನಾಗಿದ್ದರೆ ಸಾಕು.

ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಗೆರೆ ಅಲ್ಲೇ ನಿಂತಿದೆ, ಇಳಿದಿಲ್ಲ. "ಇದನ್ನ ಹೀಗೇ ಕಾಪಾಡಿಕೊಳ್ಳಿ" ಎಂದರು. ಆಸ್ಪತ್ರೆಯಿಂದ ನಡೆದುಕೊಂಡೇ ಬಂದೆ. ದಾರಿಯಲ್ಲಿ ಒಂದು ಸೈಕಲ್ ಬೆಲ್ ಹಿಂದಿನಿಂದ ಕೇಳಿಸಿತು, ನಾನೇ ಪಕ್ಕಕ್ಕೆ ಸರಿದೆ.

ಈಗ ಒಂದು ಮಾತು. ನನ್ನ ಪಕ್ಕದ ಮಗ್ಗದವಳು, ಎತ್ತರದವಳು, ನಿನಗೆ ನೆನಪಿರಬೇಕು, ನಿನ್ನ ಭಾವ ಹೋದಾಗ ನನ್ನ ಜೊತೆ ಹದಿನೈದು ದಿನ ಇದ್ದಳು. ಅವಳೂ ಕೆಲಸ ಬಿಟ್ಟಿದ್ದಾಳೆ. ಅವಳ ಗಂಟೂ ನಿನ್ನ ಹತ್ತಿರ ಇಡುತ್ತಾಳಂತೆ. "ನಿನ್ನ ತಮ್ಮ ನಂಗೂ ತಮ್ಮ ಅಲ್ವಾ" ಎಂದಳು. ನಾನು ಹೂಂ ಎಂದುಬಿಟ್ಟಿದ್ದೇನೆ. ಖಾತೆಯ ನಂಬರ್ ಅದೇ ತಾನೆ?

ಅಕ್ಕ


ಜುಲೈ 1

ಅಕ್ಕಾ,

ಬೇಡ. ಎತ್ತರದವಳ ದುಡ್ಡನ್ನು ನಾನು ಮುಟ್ಟುವುದಿಲ್ಲ. ಅವಳು ಕಳಿಸಿದರೆ ಅದೇ ದಿನ ವಾಪಸ್ ಹಾಕುತ್ತೇನೆ. ಬ್ಯಾಂಕಿನಲ್ಲಿಡಲು ಹೇಳು.

ಬರುತ್ತಿಲ್ಲವೆಂದಲ್ಲ. ಈ ಮೂರು ತಿಂಗಳು ನೂರಕ್ಕೆ ಮೂರಕ್ಕಿಂತ ಹೆಚ್ಚೇ ಬಂತು. ನಾನೇ ಅಂದುಕೊಂಡಿರಲಿಲ್ಲ. ಬ್ರೋಕರ್ ಹತ್ತಿರ ಕಡ ತೆಗೆದು, ಇದ್ದ ದುಡ್ಡಿನ ನಾಲ್ಕರಷ್ಟು ಷೇರು ಕೊಳ್ಳುತ್ತಿದ್ದೇನೆ. ಮೊದಮೊದಲು ರಾತ್ರಿ ಎದ್ದು ಲೆಕ್ಕ ನೋಡುತ್ತಿದ್ದೆ, ಈಗ ನೋಡುವುದಿಲ್ಲ. ಕೆಲವೊಮ್ಮೆ ನನ್ನ ಹಳೆಯ ಅಂಕಿಯೇ ತಪ್ಪಿತ್ತೇನೋ, ನಾನೇ ವಿನಾಕಾರಣ ಹೆದರಿದ್ದೆನೇನೋ ಎನ್ನಿಸುತ್ತದೆ. ಆದರೂ ಅವಳ ದುಡ್ಡು ಬೇಡ. ಕಾರಣ ಕೇಳಬೇಡ.

ತಮ್ಮ


ಆಗಸ್ಟ್ 9

ತಮ್ಮಾ,

"ಹೆಚ್ಚೇ ಬರುತ್ತಿದೆ, ಆದರೆ ನಿನ್ನ ಗೆಳತಿಗೆ ಬೇಡ" ಎನ್ನುತ್ತೀಯ. ಇದು ಯಾವ ಸೀಮೆಯ ನ್ಯಾಯ? ನಾನು ಅವಳಿಗೆ ಏನೆಂದು ಮುಖ ತೋರಿಸಲಿ? "ತನ್ನವರಿಗೆ ಮಾತ್ರ ಮಾಡ್ಕೊಡ್ತಾನೆ ಅನ್ನು, ನಾನೇನು ಹಾಳಾಗಿ ಹೋಗಲ್ಲ" ಎಂದು ಎದ್ದು ಹೋದಳು. ಮೊನ್ನೆ ಅಂಗಡಿಯಲ್ಲಿ ಎದುರಾದಳು, ಮಾತಾಡಿಸಲಿಲ್ಲ.

ನಾಲ್ಕು ಕಾಸು ಓಡಾಡುವಾಗ ಮನುಷ್ಯನಿಗೆ ಕತ್ತು ಸ್ವಲ್ಪ ಮೇಲಾಗುತ್ತದೆ ಎಂದು ಕೇಳಿದ್ದೆ. ನಿನಗೂ ಆಗುತ್ತದೆಂದು ಅಂದುಕೊಂಡಿರಲಿಲ್ಲ. ನನಗೆ ನೋವಾಗಿದೆ, ಹೇಳಿಬಿಟ್ಟೆ.

ಅಕ್ಕ


ಅಕ್ಟೋಬರ್ 9

ಅಕ್ಕಾ,

ಈ ತಿಂಗಳದ್ದು ಕಳಿಸಿದ್ದೇನೆ. ಎರಡು ದಿನ ತಡವಾಯಿತು.

ಹಳೆಯ ಲ್ಯಾಬಿನಲ್ಲಿ ಬೆಳಗಿನ ಹೊತ್ತು ಮತ್ತೆ ಕಟ್ಟುಹಲ್ಲು ಮಾಡುತ್ತಿದ್ದೇನೆ. ಕೈಗೆ ಅಭ್ಯಾಸ ತಪ್ಪಬಾರದೆಂದು, ಅಷ್ಟೇ. ನಿನ್ನೆ ಒಬ್ಬ ಮುದುಕರ ಸೆಟ್ ಮಾಡಿದೆ. ಮೇಣದಲ್ಲಿ ಹಲ್ಲು ಕೂರಿಸುವಾಗ ಒಂದನ್ನು ಸ್ವಲ್ಪ ಓರೆ ಮಾಡಬೇಕು, ಇಲ್ಲದಿದ್ದರೆ ನೋಡಿದವರಿಗೆ ಸುಳ್ಳೆಂದು ತಿಳಿಯುತ್ತದೆ. ಮರೆತಿರಲಿಲ್ಲ.

ಇಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಊಟ ಮಾಡುತ್ತೇನೆ, ಮಲಗುತ್ತೇನೆ. ಎತ್ತರದವಳು ದುಡ್ಡು ಎಲ್ಲಿಟ್ಟಳು?

ತಮ್ಮ


ನವೆಂಬರ್ 12

ತಮ್ಮಾ,

ತಿಂಗಳು ತಿಂಗಳು ಉಳಿದ ಚೂರುಪಾರನ್ನು ಸೇರಿಸಿ ಇಡೋಣವೆಂದು ಇವತ್ತು ಬ್ಯಾಂಕಿಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕೌಂಟರಿನ ಹುಡುಗಿ ಒಳ್ಳೆಯವಳು, ಎಡಗಡೆಗೇ ಬಂದು ಗಟ್ಟಿಯಾಗಿ ಮಾತಾಡಿದಳು. "ಬೇರೆ ಎಲ್ಲಾದ್ರೂ ದುಡ್ಡಿಟ್ಟಿದ್ದೀರಾ ಅಮ್ಮಾ?" ಎಂದಳು. ತಮ್ಮನ ಹತ್ತಿರ ಎಂದೆ. "ಎಷ್ಟು ಕೊಡ್ತಾರೆ?" ಎಂದಳು. ನೂರಕ್ಕೆ ಮೂರು ಎಂದೆ, ಜಂಬದಿಂದಲೇ.

ಅವಳಿಗೆ ನಗು ಬಂತು. "ಅಯ್ಯೋ ಅಮ್ಮಾ, ಮೂರಕ್ಕೆ ಯಾಕೆ ಕೊಟ್ರಿ? ನಮ್ಮಲ್ಲೇ ಇಡಿ, ಆರೂವರೆ ಕೊಡ್ತೀವಿ."

"ತಿಂಗಳಿಗಾ?" ಎಂದೆ.

"ವರ್ಷಕ್ಕಮ್ಮಾ. ಎಲ್ಲ ಕಡೆನೂ ವರ್ಷಕ್ಕೇ ಅಲ್ವಾ?"

"ನನ್ನ ತಮ್ಮ ತಿಂಗಳಿಗೆ ಕೊಡ್ತಾನೆ" ಎಂದೆ.

ಅವಳ ನಗು ನಿಂತಿತು. ಪೆನ್ನು ಕೆಳಗಿಟ್ಟಳು. ನಿಧಾನವಾಗಿ, ಎಷ್ಟು ಮೆಲ್ಲಗೆ ಎಂದರೆ ನನಗೆ ಕೇಳಿಸಿದ್ದೇ ಹೆಚ್ಚು, "ಯಾರು ಕೊಡ್ತಾರೆ ಅಮ್ಮಾ ಅಷ್ಟು?" ಎಂದಳು.

ಮನೆಗೆ ಬಂದು ನಿನ್ನ ಫೆಬ್ರವರಿಯ ಕಾಗದ ಓದಿದೆ. "ಬ್ಯಾಂಕಿನ ಮೇಲೆ ನೂರಕ್ಕೆ ಮೂರು" ಎಂದಿದೆ. ನಾನು ಅದನ್ನು ಬ್ಯಾಂಕಿಗಿಂತ ಮೇಲು ಎಂದು ಓದಿಕೊಂಡು ಮುಂದೆ ಹೋಗಿದ್ದೆ. ಈಗ ನೀನೇ ಹೇಳು. ನನಗೆ ಇಷ್ಟು ದಿನ ಬಂದದ್ದು ಯಾವ ದುಡ್ಡು?

ಅಕ್ಕ


ನವೆಂಬರ್ 20

ಅಕ್ಕಾ,

ನೀನು ಈಗ ಓದಿದ್ದೇ ಸರಿ. ವರ್ಷದ ಲೆಕ್ಕ. ನೀನು ತಿಂಗಳೆಂದು ತಿಳಿದಿದ್ದೀಯ ಎಂದು ಫೆಬ್ರವರಿಯಲ್ಲೇ ನನಗೆ ಗೊತ್ತಾಯಿತು. ಏಪ್ರಿಲ್‌ನಲ್ಲಿ ಒಂದು ಕಾಗದ ಬರೆಯುತ್ತಿದ್ದೆ, ಮುಗಿಸಲಿಲ್ಲ. ನೀನು ನಲ್ಲಿಯ ಸದ್ದಿನ ವಿಷಯ ಬರೆದಿದ್ದೆ.

ಮೂವತ್ತಾರು ತರಬೇಕಾದರೆ ಕಡದ ಹಣದಲ್ಲೇ ಆಡಬೇಕು. ಆಡಿದೆ. ನಾಲ್ಕೈದು ತಿಂಗಳು ಬಂತು, ನಾನು ಬುದ್ಧಿವಂತ ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಮಾರುಕಟ್ಟೆ ತೆರೆಯುವಾಗಲೇ ಪಾತಾಳದಲ್ಲಿತ್ತು. ಕಡ ಕೊಟ್ಟ ಬ್ರೋಕರ್ ನನ್ನನ್ನು ಕೇಳುವುದಿಲ್ಲ, ತನ್ನ ದುಡ್ಡು ಉಳಿಸಿಕೊಳ್ಳಲು ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾನೆ. ಮಾರಿದ. ನಾನು ಕಾಫಿ ಲೋಟ ಹಿಡಿದು ಸ್ಕ್ರೀನ್ ನೋಡುತ್ತಿದ್ದೆ. ಏನೂ ಅನ್ನಿಸಲಿಲ್ಲ ಅಕ್ಕಾ. ಎದ್ದು ಲೋಟ ತೊಳೆದಿಟ್ಟೆ, ಹಾಸಿಗೆ ಮಡಿಸಿದೆ. ಇವತ್ತಿಗೂ ಏನೂ ಅನ್ನಿಸುತ್ತಿಲ್ಲ. ಯಾರದೋ ಮನೆಯಲ್ಲಿ ಏನೋ ಆಗಿದೆ ಎನ್ನುವ ಹಾಗಿದೆ. ಅದೇ ನನಗೆ ಹೆದರಿಕೆ.

ನಿನ್ನ ಗಂಟಿನ ಮೂರರಲ್ಲಿ ಒಂದು ಪಾಲು ಉಳಿದಿದೆ. ಅಕ್ಟೋಬರ್, ನವೆಂಬರಿನಲ್ಲಿ ಕಳಿಸಿದ್ದು ಕಟ್ಟುಹಲ್ಲಿನ ಕೂಲಿ.

ಬೈದು ಬರೆ.

ತಮ್ಮ


ಫೆಬ್ರವರಿ 2

ತಮ್ಮಾ,

ಮೂರು ಕಾಗದ ಹಾಕಿದ್ದೀಯ, ಒಂದಕ್ಕೂ ಬರೆಯಲಿಲ್ಲ. ಕೋಪ ಬಂದ ಮೇಲೆ ಬರೆಯೋಣವೆಂದು ಕಾದೆ, ಬರಲೇ ಇಲ್ಲ. ಬೆಳಿಗ್ಗೆ ಏಳುತ್ತೇನೆ, ನೀರು ಕಾಯಿಸುತ್ತೇನೆ, ಕಾಯಿಸಿದ್ದು ಮರೆತು ಮತ್ತೆ ಕಾಯಿಸುತ್ತೇನೆ. ನಿನಗೂ ಏನೂ ಅನ್ನಿಸುತ್ತಿಲ್ಲ ಎಂದು ಬರೆದಿದ್ದೆಯಲ್ಲ. ಒಂದೇ ತಾಯಿಯ ಮಕ್ಕಳು, ಇನ್ನೇನು.

ಡಿಸೆಂಬರಿನಿಂದ ಗಿರಣಿಗೆ ಹೋಗುತ್ತಿದ್ದೇನೆ. ನಮ್ಮದಕ್ಕಲ್ಲ, ಕಾಲುವೆಯ ಆಚೆಯದಕ್ಕೆ. ಗುತ್ತಿಗೆದಾರನ ಕಡೆಯಿಂದ, ದಿನಗೂಲಿ. ಅಲ್ಲಿ ಹಳೆಯ ಮಗ್ಗಗಳೇ ಇವೆ, ಹಾಗಾಗಿ ನನ್ನಂಥ ಹಳಬರು ಬೇಕು. ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇನೆ. ಸೇರಿಸಿದವಳು ಎತ್ತರದವಳು. ಅವಳೂ ಅಲ್ಲೇ ಇದ್ದಾಳೆ, ಅವಳ ಗಂಟು ಪೂರ್ತಿ ಬ್ಯಾಂಕಿನಲ್ಲಿದೆ. ಮಗಳ ಮದುವೆ ಸಾಲಕ್ಕೆಂದು ದುಡಿಯುತ್ತಾಳೆ. ನಡೆದದ್ದನ್ನೆಲ್ಲ ಹೇಳಿದೆ. "ಅವನು ಬೇಡ ಅಂದಿದ್ದಕ್ಕೆ ನಂದು ಉಳೀತು" ಎಂದು ಅತ್ತಳು. ನಾನು ನೋಡುತ್ತಾ ನಿಂತಿದ್ದೆ.

ಒಂದೇ ಮಾತು ಹೇಳುತ್ತೇನೆ, ಆಮೇಲೆ ಈ ವಿಷಯ ಎತ್ತುವುದಿಲ್ಲ. ಕಳೆದ ಮಾರ್ಚಿನಲ್ಲೇ ಹೇಳಿದ್ದರೆ ಗಂಟು ಪೂರ್ತಿ ಇರುತ್ತಿತ್ತು. ಬ್ಯಾಂಕಿನ ಬಡ್ಡಿಗೆ ಮನೆಯಲ್ಲೇ ಕೂತು ಒಂದಿಷ್ಟು ಹೊಲಿಗೆ ಸೇರಿಸಿದ್ದರೆ ನಾನು ಬಡತನದಲ್ಲಿ ಬದುಕುತ್ತಿದ್ದೆ, ಆದರೆ ಮನೆಯಲ್ಲಿ ಇರುತ್ತಿದ್ದೆ. ನಿನ್ನ ಮೂರು ನನಗೆ ಸಾಕಿತ್ತು ಕಣೋ. ವರ್ಷಕ್ಕೇ ಆದರೂ ಸಾಕಿತ್ತು. ನೀನು ಕೇಳಲಿಲ್ಲ.

ಹಲ್ಲಿನ ಕೂಲಿ ಕಳಿಸಬೇಡ. ನೀನು ತೆಳ್ಳಗಾಗಿರುತ್ತೀಯ.

ಅಕ್ಕ


ಏಪ್ರಿಲ್ 17

ಅಕ್ಕಾ,

ಉಳಿದದ್ದನ್ನು ನಿನ್ನ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿ ರಸೀದಿ ಇದರೊಡನೆ ಇಟ್ಟಿದ್ದೇನೆ. ವರ್ಷಕ್ಕೆ ಆರೂವರೆ. ಬ್ರೋಕರ್ ಖಾತೆ ಮುಚ್ಚಿಸಿದೆ. ಮುಚ್ಚುವ ಅರ್ಜಿಯಲ್ಲಿ ಕಾರಣವೇನೆಂದು ಕೇಳಿದ್ದರು, ಏನು ಬರೆಯುವುದೆಂದು ತಿಳಿಯದೆ ಗೆರೆ ಎಳೆದೆ. ಲ್ಯಾಬಿನಲ್ಲಿ ಪೂರ್ತಿ ದಿನದ ಕೆಲಸ. ಕೂಲಿ ಬೇಡವೆಂದರೂ ಕಳಿಸುತ್ತೇನೆ, ಗಿರಣಿ ಬಿಟ್ಟುಬಿಡು. ಬೇಡವೆನ್ನಬೇಡ.

ಹೋದ ಭಾನುವಾರದಿಂದ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಬಾರದೆಂದೇ ಎತ್ತದಿದ್ದರೆ ಅದೂ ಸರಿ. ಒಮ್ಮೆ ಬಂದು ನೋಡಿ ಹೋಗಲೇ? ಮನೆಯೊಳಗೆ ಕರೆಯದಿದ್ದರೂ ಪರವಾಗಿಲ್ಲ.

ತಮ್ಮ


ಏಪ್ರಿಲ್ 25

ತಮ್ಮಾ,

ಎತ್ತಬಾರದೆಂದಲ್ಲ ಪೆದ್ದ. ಫೋನ್ ರಿಂಗಾದದ್ದೇ ಗೊತ್ತಾಗಲಿಲ್ಲ. ನಾಲ್ಕು ಸಲ ಬಂದಿದೆ ಎಂದು ಆಮೇಲೆ ಮೇಲಿನ ಮನೆಯವಳು ತೋರಿಸಿದಳು.

ಮಾರ್ಚಿನ ಕೊನೆಗೆ ಡಾಕ್ಟರ ಹತ್ತಿರ ಹೋಗಿದ್ದೆ. ಈ ಸಲ ಅವರು ಗೆರೆ ತೋರಿಸಲಿಲ್ಲ, ಚೀಟಿಯಲ್ಲಿ ಬರೆದು ತೋರಿಸಿದರು. ಗಿರಣಿ ಬಿಡು ಎಂದಿದ್ದೀಯ. ಇನ್ನು ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು, ಅಲ್ಲಿ ನನಗೆ ಏನೂ ಕಷ್ಟವಿಲ್ಲ. ಕಷ್ಟವಾಗುವುದು ಮನೆಗೆ ಬಂದ ಮೇಲೆ.

ಮುಂದಿನ ಭಾನುವಾರ ಬಾ. ಬಾಗಿಲು ಬಡಿಯಬೇಡ, ಸುಮ್ಮನೆ ಕೈ ನೋವು. ತೆಗೆದೇ ಇಟ್ಟಿರುತ್ತೇನೆ. ಹಿಂದಿನಿಂದ ಬರಬೇಡ, ಬೆಚ್ಚಿಬೀಳುತ್ತೇನೆ. ನನ್ನೆದುರು ಬೆಳಕಿಗೆ ಕೂತು ನಿಧಾನವಾಗಿ ಮಾತಾಡು, ನಿನ್ನ ಮಾತು ಕಲಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮೀಸೆ ಬೋಳಿಸಿಕೊಂಡು ಬಾ. ತುಟಿ ಕಾಣಬೇಕು.

ಅಕ್ಕ